28 ಇಂಚಾ, 32 ಇಂಚಾ? ತೋಟ ಕಾಯುವ ಕೋವಿಗೆ ಎಷ್ಟುದ್ದದ ನಳಿಗೆ ಬೇಕು

ಕಳೆದ ತಿಂಗಳು ಪಕ್ಕದ ತೋಟದ ಹುಡುಗ ಬಂದು ನಮ್ಮ ಜಗಲಿಯಲ್ಲಿ ಕೂತ. ಬೆಳೆ ರಕ್ಷಣೆಗೆ ಅಂತ ಅವನಿಗೆ ಲೈಸೆನ್ಸ್ ಆಗಿದೆ. ಇನ್ನು ಕೋವಿ ತಗೊಳ್ಳಬೇಕು. "ಅಣ್ಣ, 32 ಇಂಚಿನ ನಳಿಗೆ ಆದ್ರೆ ತೆಂಗಿನ ತುದಿಗೂ ಸಲೀಸು ಮುಟ್ಟುತ್ತದಂತೆ. 28 ಇಂಚಿನದ್ದು ಅರ್ಧ ದಾರಿಯಲ್ಲಿ ಚೆದುರಿ ಹೋಗ್ತದಂತೆ. ಹೌದಾ?" ಅಂತ ಕೇಳಿದ.

ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ಅಪ್ಪನೂ ಹೇಳುತ್ತಿದ್ದರು, ಅಜ್ಜನೂ ಹೇಳುತ್ತಿದ್ದರು. ಉಡುಪಿ ಜಿಲ್ಲೆಯ ಹಿರಿಯಡ್ಕದಿಂದ ಒಳಗೆ ನಮ್ಮ ಕಡೆ ಕೋವಿ ಇರುವ ಮನೆಗಳಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ನಳಿಗೆ ಉದ್ದ ಇದ್ದಷ್ಟು ಈಡು ದೂರ ಹೋಗುತ್ತದೆ ಅಂತ. ನನ್ನ ಲೈಸೆನ್ಸಿನಲ್ಲಿ ಎರಡು ಕೋವಿ ಇವೆ. ಒಂದು ಅಪ್ಪನ ಕಾಲದ 32 ಇಂಚಿನ ಒಂಟಿ ನಳಿಗೆ, ಇನ್ನೊಂದು ನಾನು ತಗೊಂಡ 28 ಇಂಚಿನ ಜೋಡಿ ನಳಿಗೆ. ಎರಡೂ 12 ಬೋರ್, ಅಂದರೆ ನಳಿಗೆಯ ಒಳ ಅಗಲ ಎರಡಕ್ಕೂ ಒಂದೇ. ವರ್ಷಗಟ್ಟಲೆ ಎರಡನ್ನೂ ಹಿಡಿದು ಇದೇ ತೋಟದಲ್ಲಿ ಓಡಾಡಿದ್ದೇನೆ. ಹಾಗಾಗಿ ಕೇಳಿದ್ದನ್ನು ಬಿಟ್ಟು ಪರೀಕ್ಷೆ ಮಾಡಿ ಕಂಡದ್ದನ್ನೇ ಅವನಿಗೆ ಹೇಳಬೇಕು ಅನಿಸಿತು. ಇದು ಅವನಿಗಾಗಿ ಮಾಡಿದ ಪರೀಕ್ಷೆ. ಅವನ ಹಾಗೆ ಮೊದಲ ಕೋವಿ ತಗೊಳ್ಳುವವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನಮ್ಮ ಕೋವಿ ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಮುಗಿದ ಕಥೆ. ಮಂಗ, ಹಂದಿ, ನವಿಲು ಯಾವುದು ತೋಟಕ್ಕೆ ಬಂದರೂ ನಮ್ಮಷ್ಟಕ್ಕೆ ಗುಂಡು ಹಾಕುವ ಹಾಗಿಲ್ಲ. ಅಪಾಯ ಅಥವಾ ಬೆಳೆಹಾನಿ ಇದ್ದಾಗ ಅದೇ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಅನುಮತಿ ಕೊಡುವ ದಾರಿ ಉಂಟು. ಆದರೆ ಅದು ಅರಣ್ಯ ಇಲಾಖೆಯಿಂದ ಬರಬೇಕಾದದ್ದು, ಸುಮ್ನೆ ಮನೆಯಲ್ಲಿ ಕೂತು ತೀರ್ಮಾನ ಮಾಡುವುದಲ್ಲ. ನಮ್ಮ ತೋಟದಲ್ಲಿ ಕೋವಿಯ ಕೆಲಸ ಸದ್ದು ಮಾಡಿ ಓಡಿಸುವುದು. ಬೊಂಡ ಕಿತ್ತು ಎರಡು ಗುಟುಕು ಕುಡಿದು ಬಿಸಾಡುವ ಮಂಗಗಳ ಗುಂಪನ್ನು ಗುಡ್ಡೆಯ ಆಚೆಗೆ ಅಟ್ಟುವುದು. ರಾತ್ರಿ ಬಾಳೆ, ಗೆಣಸು ಅಗೆಯಲು ಬರುವ ಹಂದಿಗಳನ್ನು ಬೆದರಿಸುವುದು. ಕೋವಿ ಯಾವುದು ಒಳ್ಳೆಯದು ಅಂತ ಹೇಳುವಾಗ ನನ್ನ ಮನಸ್ಸಿನಲ್ಲಿ ಇರುವುದು ಈ ಕೆಲಸ ಮಾತ್ರ.

ಮೊದಲು ಮನೆಯಲ್ಲಿ ಮೂರು ಕೋವಿ ಇದ್ದವು. ಮೂರನೆಯದು ಅಜ್ಜನ ಕೇಪಿನ ಕೋವಿ. 2019ರಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಬಂತು. ಒಬ್ಬರ ಲೈಸೆನ್ಸಿನಲ್ಲಿ ಮೂರು ಇಟ್ಟುಕೊಳ್ಳಬಹುದಾಗಿದ್ದದ್ದು ಎರಡಕ್ಕೆ ಇಳಿಯಿತು. ಹೆಚ್ಚಿಗೆ ಇದ್ದದ್ದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕಿತ್ತು. ಒಪ್ಪಿಸಲು ಹೋಗುವ ದಿನ ಅದನ್ನು ಅಂಗಳದಲ್ಲಿ ನಿಲ್ಲಿಸಿ ಅಳತೆ ಮಾಡಿದ್ದೆ. ನಳಿಗೆಯೇ 40 ಇಂಚು ಇತ್ತು. ಇಡೀ ಕೋವಿ ನನ್ನ ಗಲ್ಲದವರೆಗೆ ಬರುತ್ತಿತ್ತು. ಹಿಡಿಯ ಮೇಲೆ ಅಜ್ಜನ ಹೆಬ್ಬೆರಳು ತಾಗಿ ತಾಗಿ ಮರ ಸವೆದು ಒಂದು ಚಿಕ್ಕ ಗುಳಿ ಆಗಿತ್ತು. ಆ ಗುಳಿಯಲ್ಲಿ ನನ್ನ ಬೆರಳು ಇಟ್ಟು ನೋಡಿ, ಆಮೇಲೆ ಕೊಟ್ಟು ಬಂದೆ.

ಉದ್ದ ನಳಿಗೆಯ ಮೇಲಿನ ನಂಬಿಕೆ ಹುಟ್ಟಿದ್ದು ಈ ಕೇಪಿನ ಕೋವಿಯಿಂದಲೇ ಅಂತ ನನಗೆ ಆಮೇಲೆ ಗೊತ್ತಾಯಿತು. ಅದಕ್ಕೆ ಬಾಯಿಯಿಂದ ಮದ್ದು ತುಂಬಬೇಕು. ಆ ಕರಿಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಅಂದಾಜು 75, 15, 10ರ ಲೆಕ್ಕ. ಅದರಿಂದ ಹುಟ್ಟುವ ಒತ್ತಡ ಈಗಿನ ಹೊಗೆಯಿಲ್ಲದ ಮದ್ದಿನಷ್ಟು ಜೋರಲ್ಲ. ಜೋರು ಕಡಿಮೆ ಇದ್ದಾಗ ಗುಂಡನ್ನು ಜಾಸ್ತಿ ಹೊತ್ತು ತಳ್ಳಬೇಕು. ಅದಕ್ಕೆ ಉದ್ದ ನಳಿಗೆ ಬೇಕು. ಅಜ್ಜನ ಮಾತು ಅಜ್ಜನ ಕೋವಿಗೆ ಸರಿಯಾಗಿಯೇ ಇತ್ತು. ತೋಟೆ, ಅಂದರೆ ಕಾರ್ಟ್ರಿಜ್ ಹಾಕುವ ಕೋವಿ ಬಂದ ಮೇಲೂ ಅದೇ ಮಾತು ಮುಂದುವರಿದದ್ದೇ ತೊಂದರೆ.

ಈಗಿನ ತೋಟೆಯಲ್ಲಿ ಮದ್ದು ನಳಿಗೆಯ ಮೊದಲ ಒಂದಡಿಯೊಳಗೇ ಹೆಚ್ಚುಕಮ್ಮಿ ಉರಿದು ಮುಗಿಯುತ್ತದೆ. ಅಲ್ಲಿಂದ ಮುಂದೆ ಗಾಳಿ ಹಿಗ್ಗುತ್ತಾ ಸ್ವಲ್ಪ ಸ್ವಲ್ಪ ತಳ್ಳುತ್ತದೆ, ಅಷ್ಟೇ. 12 ಬೋರಿನಲ್ಲಿ ಒಂದು ಇಂಚು ಉದ್ದ ಜಾಸ್ತಿ ಆದರೆ ತೋಟೆಯೊಳಗಿನ ಸಣ್ಣ ಗುಂಡುಗಳ, ಅಂದರೆ ಕಾಳಿನ ವೇಗ ಸೆಕೆಂಡಿಗೆ 5ರಿಂದ 10 ಅಡಿ ಹೆಚ್ಚಬಹುದು. 28ಕ್ಕೂ 32ಕ್ಕೂ ನಾಲ್ಕು ಇಂಚು ವ್ಯತ್ಯಾಸ. ಅಂದರೆ 20ರಿಂದ 40 ಅಡಿ. ತೋಟೆಯಿಂದ ಹೊರಡುವ ವೇಗವೇ ಸೆಕೆಂಡಿಗೆ ಸುಮಾರು 1200 ಅಡಿ. ನೂರಕ್ಕೆ ಎರಡೋ ಮೂರೋ ಪಾಲು. ಇನ್ನು ತೆಂಗಿನ ತುದಿಯ ವಿಷಯ. ನಮ್ಮ ಊರ ತಳಿಯ ಎತ್ತರದ ಮರ ಅಂದರೆ 60 ಅಡಿ ಹಿಡಿಯೋಣ. 60 ಅಡಿ ಅಂದರೆ 20 ಗಜ. 12 ಬೋರಿಗೆ 20 ಗಜ ಒಂದು ದೂರವೇ ಅಲ್ಲ. ಯಾವ ನಳಿಗೆಯಾದರೂ ಮುಟ್ಟುತ್ತದೆ.

ಇದನ್ನು ಹುಡುಗನಿಗೆ ಹೇಳಿದೆ. ಅವನು ಒಪ್ಪಲಿಲ್ಲ. ಚೆದುರುವ ವಿಷಯ ಎಂತ ಅಣ್ಣ, ಅಂದ. ಅದಕ್ಕೆ ಕಾಗದದ ಮೇಲೇ ನೋಡಿಬಿಡೋಣ ಅಂತ ಹೊರಟೆ.

ನಮ್ಮ ಜಾಗದ ಮೇಲ್ತುದಿಯಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆ ಉಂಟು. ಮೂರು ಕಡೆ ಎರಡಾಳು ಎತ್ತರದ ಗೋಡೆ, ಹಿಂದೆ ಗುಡ್ಡೆ. ಠಾಣೆಗೆ ಮೊದಲೇ ತಿಳಿಸಿ, ಆಚೀಚೆ ಮನೆಯವರಿಗೂ ಹೇಳಿ, ಒಂದು ಭಾನುವಾರ ಬೆಳಿಗ್ಗೆ ಹೋದೆವು. ಗೋಡೆಗೆ ನೇರ ಹೊಡೆದರೆ ಕಾಳು ಪುಟಿದು ಬರಬಹುದು. ಹಾಗಾಗಿ ಹಲಗೆಯ ಹಿಂದೆ ಮಣ್ಣಿನ ಗುಡ್ಡ ಮಾಡಿದೆವು. ಹಲಗೆಗೆ ದಿನಪತ್ರಿಕೆ ಅಂಟಿಸಿ, ಮಧ್ಯದಲ್ಲಿ ಎರಡೂವರೆ ಅಡಿ ಅಗಲಕ್ಕೆ ದುಂಡಗೆ ಗೆರೆ ಎಳೆದೆ. ದೂರ 40 ಗಜ, ಅಂದರೆ 36 ಮೀಟರ್ ಮೇಲೆ ಸ್ವಲ್ಪ. ಕೋವಿ ಎಷ್ಟು ಒತ್ತಾಗಿ ಹೊಡೆಯುತ್ತದೆ ಅಂತ ನೋಡುವ ಹಳೆಯ ಕ್ರಮವೇ ಇದು.

ತೋಟೆ 6 ನಂಬರಿನದ್ದು, ಅಂದರೆ ಸಣ್ಣ ಕಾಳಿನದ್ದು. ಒಂದನ್ನು ಬಿಡಿಸಿ ಬಾಳೆಲೆ ಮೇಲೆ ಸುರಿದು ಎಣಿಸಿದೆವು. 280 ಕಾಳು. ಆಮೇಲೆ ಒಂಟಿ ನಳಿಗೆಯಿಂದ ಮೂರು ಈಡು, ಜೋಡಿಯ ಎಡದಿಂದ ಮೂರು, ಬಲದಿಂದ ಮೂರು. ಪ್ರತಿ ಈಡಿಗೂ ಹೊಸ ಕಾಗದ. ಮನೆಗೆ ತಂದು ಜಗಲಿಯಲ್ಲಿ ಹರಡಿದೆವು. ಮಗಳು ಕೆಂಪು ಸ್ಕೆಚ್ ಪೆನ್ ಹಿಡಿದು ಒಂದೊಂದೇ ತೂತಿಗೆ ಸುತ್ತು ಹಾಕುತ್ತಾ ಎಣಿಸಿದಳು. ಎಣಿಸಿ ಮುಗಿಯುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

32 ಇಂಚಿನ ಒಂಟಿ ನಳಿಗೆಯಲ್ಲಿ ಗೆರೆಯೊಳಗೆ ಸರಾಸರಿ 192 ಕಾಳು. 28 ಇಂಚಿನ ಜೋಡಿಯ ಎಡ ನಳಿಗೆಯಲ್ಲಿ 195. ಅದೇ ಜೋಡಿಯ ಬಲ ನಳಿಗೆಯಲ್ಲಿ 166.

ಇದನ್ನು ಸ್ವಲ್ಪ ನಿಧಾನ ನೋಡಿ. ನಾಲ್ಕು ಇಂಚು ಗಿಡ್ಡ ಇರುವ ನಳಿಗೆ ಉದ್ದದ ನಳಿಗೆಯಷ್ಟೇ ಒತ್ತಾಗಿ ಹೊಡೆದಿದೆ. ಮೂರು ಕಾಳು ಹೆಚ್ಚು ಬಂದದ್ದನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಒಂದೇ ಕೋವಿಯ ಎರಡು ಈಡಿನಲ್ಲೂ ಅದಕ್ಕಿಂತ ಜಾಸ್ತಿ ಏರುಪೇರು ಇತ್ತು. ಆದರೆ ಒಂದೇ ಉದ್ದದ ಎರಡು ನಳಿಗೆ, ಒಂದೇ ಕೋವಿ, ಒಂದೇ ತೋಟೆ ಇದ್ದೂ ಎಡಕ್ಕೂ ಬಲಕ್ಕೂ 29 ಕಾಳಿನ ವ್ಯತ್ಯಾಸ ಇದೆ ಅಲ್ವಾ? ಅದು ಉದ್ದದಿಂದ ಬಂದದ್ದಲ್ಲ. ಅದು ಚೋಕ್.

ಚೋಕ್ ಅಂದರೆ ನಳಿಗೆಯ ಬಾಯಿಯ ಹತ್ತಿರ, ಕೊನೆಯ ಎರಡು ಮೂರು ಇಂಚಿನಲ್ಲಿ ಒಳಗಿನ ತೂತು ಕೂದಲೆಳೆಯಷ್ಟು ಕಿರಿದಾಗುವುದು. 12 ಬೋರಿನ ಒಳ ಅಗಲ ಸುಮಾರು ಹದಿನೆಂಟೂವರೆ ಮಿಲಿಮೀಟರ್. ಫುಲ್ ಚೋಕ್ ಇದ್ದರೆ ಬಾಯಿಯಲ್ಲಿ ಅದು ಒಂದು ಮಿಲಿಮೀಟರಿನಷ್ಟು ಬಿಗಿ ಆಗುತ್ತದೆ. ಅಷ್ಟರಿಂದಲೇ ಕಾಳುಗಳು ಒತ್ತಾಗಿ ಹೊರಡುತ್ತವೆ. 40 ಗಜದಲ್ಲಿ, ಎರಡೂವರೆ ಅಡಿಯ ಸುತ್ತಿನೊಳಗೆ ಫುಲ್ ಚೋಕ್ ನೂರಕ್ಕೆ 70 ಕಾಳು ಹಾಕಬೇಕು, ಅದಕ್ಕಿಂತ ಸ್ವಲ್ಪ ಸಡಿಲದ ಮಾಡಿಫೈಡ್ 60, ಚೋಕ್ ಇಲ್ಲದ ಸಾದಾ ನಳಿಗೆ 40. ನಮ್ಮ ಜಗಲಿಯ ಲೆಕ್ಕ ಇದಕ್ಕೆ ಹತ್ತಿರ ಹತ್ತಿರ ಬಂತು. ಜೋಡಿ ನಳಿಗೆಯ ಕೋವಿಗಳಲ್ಲಿ ಸಾಮಾನ್ಯವಾಗಿ ಬಲದ್ದು ಸಡಿಲ, ಎಡದ್ದು ಬಿಗಿ. ಮುಂದಿನ ಟ್ರಿಗರ್ ಬಲಕ್ಕೆ, ಹಿಂದಿನದ್ದು ಎಡಕ್ಕೆ. ಮೊದಲ ಈಡು ಹತ್ತಿರಕ್ಕೆ, ಎರಡನೆಯದು ಓಡುತ್ತಾ ದೂರ ಹೋದದ್ದಕ್ಕೆ ಅನ್ನುವ ಹಳೆಯ ಲೆಕ್ಕಾಚಾರ ಅದು.

ಇಲ್ಲೇ ಒಂದು ಎಚ್ಚರಿಕೆ. ಉದ್ದ ಜಾಸ್ತಿ ಆಯ್ತು ಅಂತ ಗರಗಸ ಹಿಡಿದು ನಳಿಗೆ ಕೊಯ್ಯುವವರ ಸುದ್ದಿ ಆಗಾಗ ಕೇಳುತ್ತೇವೆ. ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವುದು ಆಯುಧ ಕಾಯ್ದೆಯಲ್ಲಿ ಅಪರಾಧ. ಅಷ್ಟಲ್ಲದೆ ಕೊಯ್ದು ಬಿಸಾಡುವ ಆ ತುಂಡಿನಲ್ಲೇ ಚೋಕ್ ಇರುವುದು. ಉಳಿಯುವುದು ಬರೀ ಪೈಪು.

ಎರಡನೇ ಪರೀಕ್ಷೆ ಬೇಗ ಮುಗಿಯಿತು. ಹಳೆಯ ಪತ್ರಿಕೆಗಳನ್ನು ಬಾಳೆನಾರಿನಲ್ಲಿ ಬಿಗಿಯಾಗಿ ಕಟ್ಟಿ, 25 ಗಜದಲ್ಲಿ ಇಟ್ಟು, ಕಾಳು ಎಷ್ಟನೇ ಹಾಳೆವರೆಗೆ ಹೋಗುತ್ತದೆ ಅಂತ ನೋಡಿದೆವು. ಉದ್ದ ನಳಿಗೆಯಲ್ಲಿ 93ನೇ ಹಾಳೆ, ಗಿಡ್ಡದರಲ್ಲಿ 89. ಇನ್ನೊಂದು ಸಲ ಹೊಡೆದಾಗ ಉದ್ದದ್ದೇ 87ಕ್ಕೆ ನಿಂತಿತು. ನಾಲ್ಕು ಇಂಚಿನ ಲಾಭ ಅಷ್ಟೇ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಆಗಿತ್ತು. ನಮ್ಮ ಕೋವಿ ಇರುವುದೇ ಸದ್ದಿಗೆ. ಉದ್ದ ನಳಿಗೆಗೆ ಸದ್ದು ಜೋರು ಅಂತ ಕೆಲವರು, ಗಿಡ್ಡಕ್ಕೆ ಜೋರು ಅಂತ ಕೆಲವರು. ಬೈಲಿನ ಆಚೆ ಬದಿಯ ಗುಡ್ಡೆಯಲ್ಲಿ ಭಟ್ಟರ ಮನೆ, ಅಂದಾಜು ಕಾಲು ಕಿಲೋಮೀಟರ್. ಅವರಿಗೆ ಫೋನ್ ಮಾಡಿ, ಕಾಗದ ಪೆನ್ನು ಹಿಡಿದು ಅಂಗಳದಲ್ಲಿ ನಿಲ್ಲಿ, ಆರು ಈಡು ಬರುತ್ತದೆ, ಯಾವುದು ಉದ್ದ ಯಾವುದು ಗಿಡ್ಡ ಅಂತ ಬರೆದಿಡಿ ಅಂದೆ. ಅವರು ನಲವತ್ತು ವರ್ಷದಿಂದ ಈ ಎರಡರ ಸದ್ದನ್ನೂ, ಅದಕ್ಕೂ ಮೊದಲು ಕೇಪಿನ ಕೋವಿಯದ್ದನ್ನೂ ಕೇಳಿದವರು. ನಾನು ಕ್ರಮ ತಪ್ಪಿಸಿ ಗುಡ್ಡೆಯ ಕಡೆಗೆ ಆರು ಈಡು ಬಿಟ್ಟೆ. ಅವರು ಬರೆದದ್ದರಲ್ಲಿ ಮೂರು ಸರಿ, ಮೂರು ತಪ್ಪು. "ಎಲ್ಲಾ ಒಂದೇ ಮಾರಾಯ್ರೆ, ನಾನು ಕಣ್ಣು ಮುಚ್ಚಿ ಬರೆದದ್ದು" ಅಂದರು. ಆಚೆ ಗುಡ್ಡೆಯಲ್ಲಿ ನಿಂತ ಮನುಷ್ಯನಿಗೆ ಗೊತ್ತಾಗದ ವ್ಯತ್ಯಾಸ ಮಂಗನಿಗೆ ಬೇಕಾಗಿಯೂ ಇಲ್ಲ.

ಆದರೆ ಹೊಡೆಯುವವನಿಗೆ ವ್ಯತ್ಯಾಸ ಉಂಟು. ಗಿಡ್ಡ ನಳಿಗೆಯ ಬಾಯಿ ಕಿವಿಗೆ ಹತ್ತಿರ. ಹತ್ತು ಹೆಜ್ಜೆ ಬದಿಯಲ್ಲಿ ನಿಂತ ನನ್ನ ಹೆಂಡತಿ ಆರನ್ನೂ ಸರಿ ಹೇಳಿದಳು, 28 ಇಂಚಿನದ್ದು ಕಿವಿಗೆ ಚುಚ್ಚಿದ ಹಾಗೆ ಆಗುತ್ತದೆ ಅಂತ. ನನ್ನ ಎಡಗಿವಿ ಈಗ ಸ್ವಲ್ಪ ಮಂದ. ಮೊದಲಿಂದಲೂ ಹತ್ತಿಯಾದರೂ ಇಟ್ಟುಕೊಳ್ಳಬೇಕಿತ್ತು. ಈಗ ಕಿವಿಗೆ ಮುಚ್ಚುವಂಥದ್ದು ಹಾಕದೆ ಟ್ರಿಗರ್ ಮುಟ್ಟುವುದಿಲ್ಲ. ಹುಡುಗನಿಗೂ ಮೊದಲು ಅದನ್ನೇ ತಗೋ ಅಂದಿದ್ದೇನೆ.

ಕಾಗದದ ಲೆಕ್ಕ ಇಷ್ಟು. ಇನ್ನು ತೋಟದೊಳಗಿನ ಲೆಕ್ಕ, ಅಲ್ಲಿ ನಾಲ್ಕು ಇಂಚು ನಿಜವಾಗಿ ಕಾಣುತ್ತದೆ.

ಅಡಿಕೆ ಮರದಿಂದ ಮರಕ್ಕೆ ಒಂಬತ್ತು ಅಡಿ. ಅದು ನಕ್ಷೆಯಲ್ಲಿ. ನಮ್ಮ ತೋಟದಲ್ಲಿ ಮರಕ್ಕೆ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ಅಲ್ಲಲ್ಲಿ ಕೊಕ್ಕೊ. ಕೊಕ್ಕೊ ರೆಂಬೆ ಎದೆ ಎತ್ತರಕ್ಕೆ ಅಡ್ಡ ಬರುತ್ತದೆ. ಮಂಗಗಳು ಒಂದು ಕಡೆ ನಿಲ್ಲುವುದಿಲ್ಲ. ಎಡಕ್ಕೆ ಕಂಡದ್ದು ಕ್ಷಣದಲ್ಲಿ ಬೆನ್ನ ಹಿಂದೆ. ಕೋವಿ ಹಿಡಿದು ತಿರುಗುವಾಗ 32 ಇಂಚಿನದ್ದರ ತುದಿ ಪ್ರತಿಸಲ ಎಲ್ಲಾದರೂ ತಾಗುತ್ತದೆ. ಮೆಣಸಿನ ಬಳ್ಳಿ ಹರಿದದ್ದು ಎಷ್ಟೋ ಸಲ. ಜೋಡಿಯಲ್ಲಿ ಹಾಗೆ ಆಗುವುದು ಕಡಿಮೆ. ನಾಲ್ಕು ಇಂಚು ಅಂದರೆ ನಾಲ್ಕು ಬೆರಳಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ತಿರುಗುವಾಗ ಅದು ತುದಿಯಲ್ಲಿ ಇರುವ ನಾಲ್ಕು ಇಂಚು.

ಒಂದು ಸಂಜೆಯದ್ದು ಹೇಳುತ್ತೇನೆ. ಐದಾರು ವರ್ಷ ಆಗಿರಬಹುದು, ಆಷಾಢದ ಮಳೆ. ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕ ದಾಟಬೇಕು. ಪಾಚಿ ಕಟ್ಟಿ ಜಾರುತ್ತಿತ್ತು. 32 ಇಂಚಿನ ಕೋವಿ ಮಡಚಿ, ತೋಟೆ ತೆಗೆದು, ತೋಳಿನ ಮೇಲೆ ನಳಿಗೆ ಕೆಳಗೆ ಮಾಡಿ ಹಿಡಿದಿದ್ದೆ. ಕಾಲು ಸ್ವಲ್ಪ ಜಾರಿ ಮೈ ಬಗ್ಗಿತು, ಬೀಳಲಿಲ್ಲ. ಆಚೆ ದಡ ಹತ್ತಿ ಹತ್ತು ಹೆಜ್ಜೆ ಹೋಗಿ, ತೋಟೆ ಹಾಕುವ ಮೊದಲು ಅಭ್ಯಾಸದಂತೆ ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದೆ. ಬೆಳಕೇ ಇಲ್ಲ. ಬಾಯಿಯಲ್ಲಿ ಎರಡು ಇಂಚು ಕೆಸರು ಗಟ್ಟಿಯಾಗಿ ಕೂತಿತ್ತು. ತುದಿ ದಡಕ್ಕೆ ಊರಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಆ ಕೆಸರಿನ ಹಿಂದೆ ಒಂದು ತೋಟೆ ಹಾಕಿ ಹೊಡೆದಿದ್ದರೆ ನಳಿಗೆ ಸೀಳಿ ಎಡಗೈ ಹೋಗುತ್ತಿತ್ತು. ಅಲ್ಲೇ ಮಳೆಯಲ್ಲಿ ನಿಂತು ಅಡಿಕೆ ಸೋಗೆಯ ದಂಟು ಸಿಗಿದು ಕೆಸರು ತೆಗೆದೆ. ಕೈ ನಡುಗುತ್ತಿತ್ತು. ಆ ದಿನ ಹಂದಿಗಳು ಗೆಣಸು ತಿಂದುಕೊಂಡು ಹೋದವು, ನಾನು ಮನೆಗೆ ಬಂದೆ. ಆಮೇಲೆ ಮಳೆಗಾಲದಲ್ಲಿ ತೋಟದೊಳಗೆ 32 ಇಂಚಿನದ್ದನ್ನು ಒಯ್ದಿಲ್ಲ. ಗಿಡ್ಡ ನಳಿಗೆಗೂ ಕೆಸರು ಹತ್ತಬಹುದು, ಹತ್ತುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನಾನು ಐದಡಿ ಮೂರು ಇಂಚಿನ ಮನುಷ್ಯ. ನನ್ನ ತೋಳಿನಲ್ಲಿ 28 ಇಂಚಿನದ್ದು ನೆಲದಿಂದ ಒಂದು ಗೇಣು ಮೇಲೆ ನಿಲ್ಲುತ್ತದೆ, 32 ಇಂಚಿನದ್ದು ಹುಲ್ಲಿಗೆ ತಾಗುತ್ತದೆ.

ಹಾಗಂತ ಉದ್ದ ನಳಿಗೆ ಕೆಲಸಕ್ಕೆ ಬಾರದ್ದು ಅಂತ ಅಲ್ಲ. ನನ್ನ ಭಾವನ ತೋಟ ಸ್ವರ್ಣಾ ನದಿಯ ಬದಿಯಲ್ಲಿ ಉಂಟು. ಬರೀ ತೆಂಗು, ಮರದಿಂದ ಮರಕ್ಕೆ 25 ಅಡಿ, ಕೆಳಗೆ ಹುಲ್ಲು ಮಾತ್ರ. ಅಂಥ ಬಯಲಿನಲ್ಲಿ ಉದ್ದ ನಳಿಗೆ ಹಿಡಿಯುವುದೇ ಒಂದು ಸುಖ. ತುದಿಯಲ್ಲಿ ತೂಕ ಇರುವುದರಿಂದ ಕೈ ಅಲುಗಿದರೂ ಅದು ಅಲುಗುವುದಿಲ್ಲ, ಒಮ್ಮೆ ತಿರುಗಿಸಿದರೆ ಹಾಗೇ ನಯವಾಗಿ ಸಾಗುತ್ತದೆ. ಕಣ್ಣಿನಿಂದ ತುದಿಯಲ್ಲಿ ಗುರಿ ಹಿಡಿಯಲು ಇರುವ ಮಣಿಯವರೆಗಿನ ದೂರ ಜಾಸ್ತಿ ಇರುವುದರಿಂದ ಗುರಿ ತಪ್ಪಿದ್ದು ಬೇಗ ಗೊತ್ತಾಗುತ್ತದೆ. ನನಗೆ ಐವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕು. 28 ಇಂಚಿನದ್ದರ ಮಣಿಗಿಂತ 32ರ ಮಣಿ ನನಗೆ ಸ್ಪಷ್ಟ ಕಾಣುತ್ತದೆ. ವಯಸ್ಸಾದವರು ಉದ್ದ ನಳಿಗೆಯನ್ನೇ ಬಯಸುವುದಕ್ಕೆ ಇದೂ ಒಂದು ಕಾರಣ ಇರಬಹುದು. ಅಪ್ಪ ಕೊನೆಯ ವರ್ಷಗಳಲ್ಲಿ ಅದನ್ನು ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ.

ತೂಕದಲ್ಲಿ ಲೆಕ್ಕ ತಿರುಗಮುರುಗ. ಉದ್ದ ಇದ್ದರೂ ಒಂಟಿ ನಳಿಗೆ ಹಗುರ. ನಮ್ಮ ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟಾಗ ಒಂಟಿ ಎರಡು ಮುಕ್ಕಾಲು ಕಿಲೋ, ಜೋಡಿ ಮೂರು ಕಾಲು. ದಿನವಿಡೀ ಹೊತ್ತು ತಿರುಗುವುದಾದರೆ ಒಂಟಿ ಸುಖ. ಆದರೆ ಹಗುರ ಕೋವಿ ಭುಜಕ್ಕೆ ಜಾಸ್ತಿ ಒದೆಯುತ್ತದೆ. ಕೋರೆಯಲ್ಲಿ ಪರೀಕ್ಷೆ ಮಾಡಿದ ದಿನ ರಾತ್ರಿ ಭುಜ ನೋಡಿಕೊಂಡರೆ ಒಂಟಿ ಒದ್ದ ಜಾಗ ನೀಲಿ ಕಟ್ಟಿತ್ತು. ಮತ್ತೆ ಎರಡನೇ ಈಡು. ಮಂಗಗಳು ಮೊದಲ ಸದ್ದಿಗೆ ಹತ್ತು ಮರ ದಾಟಿ ಕೂತು ಹಿಂದೆ ತಿರುಗಿ ನೋಡುತ್ತವೆ. ಇವನ ಹತ್ತಿರ ಇನ್ನೊಂದು ಉಂಟಾ ಅಂತ ನೋಡುವುದೇ ಅದು, ನನಗಂತೂ ಹಾಗೇ ಕಾಣುತ್ತದೆ. ಒಂಟಿಯಲ್ಲಿ ಮಡಚಿ, ಖಾಲಿ ತೋಟೆ ತೆಗೆದು, ಹೊಸದು ಹಾಕುವಷ್ಟರಲ್ಲಿ ಅವು ಪುನಃ ಕೆಳಗೆ ಇಳಿದಿರುತ್ತವೆ. ಜೋಡಿಯಲ್ಲಿ ತಿರುಗಿ ನೋಡುವಾಗಲೇ ಎರಡನೆಯದು ಬಿದ್ದರೆ ಆ ದಿನಕ್ಕೆ ಬರುವುದಿಲ್ಲ. ನಳಿಗೆಯ ಉದ್ದಕ್ಕಿಂತ ಈ ಎರಡನೇ ಈಡು ನನ್ನ ತೋಟವನ್ನು ಹೆಚ್ಚು ಉಳಿಸಿದೆ.

ತುಕ್ಕಿನ ವಿಷಯದಲ್ಲಿ ಮಾತ್ರ ಒಂಟಿಗೆ ಪೂರ್ತಿ ಅಂಕ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೂ ಬೂಸ್ಟು ಬರುತ್ತದೆ. ಜೋಡಿ ನಳಿಗೆಯಲ್ಲಿ ಎರಡರ ನಡುವಿನ ಪಟ್ಟಿಯ ಅಂಚಿನಲ್ಲಿ ನೀರು ನಿಂತು ಅಲ್ಲಿಂದಲೇ ತುಕ್ಕು ಶುರು. ಹಳೆ ಟೂತ್ ಬ್ರಷ್ ಇಲ್ಲದೆ ಆಗುವುದಿಲ್ಲ. ಒಂಟಿಯನ್ನು ಐದು ನಿಮಿಷದಲ್ಲಿ ಒರೆಸಿ ಇಡಬಹುದು. ಎಣ್ಣೆ ಅಂದರೆ ಮೆಷಿನ್ ಎಣ್ಣೆ. ತೆಂಗಿನೆಣ್ಣೆ ಹಚ್ಚುವ ಅಭ್ಯಾಸ ಇದ್ದವರು ದಯವಿಟ್ಟು ಬಿಡಿ, ಅದು ಕೆಲವು ತಿಂಗಳಲ್ಲಿ ಅಂಟಾಗಿ ಕೂತು ಒಳಗಿನ ಸ್ಪ್ರಿಂಗನ್ನೇ ಹಿಡಿದಿಡುತ್ತದೆ.

ಚುನಾವಣೆ ಬಂದಾಗಿನ ಕಷ್ಟ ಎರಡಕ್ಕೂ ಒಂದೇ. ನೀತಿಸಂಹಿತೆ ಶುರುವಾದ ಕೂಡಲೇ ಕೋವಿ ಠೇವಣಿ ಇಡಿ ಅಂತ ಹೇಳಿಕೆ ಬರುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಮಾರ್ಚ್ ನಡುವಿನಿಂದ ಜೂನ್ ಮೊದಲ ವಾರದವರೆಗೆ ನೀತಿಸಂಹಿತೆ ಇತ್ತು. ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು. ಬೊಂಡಕ್ಕೆ ಬೆಲೆ ಇರುವ, ಹಲಸು ಮಾವು ಹಣ್ಣಾಗುವ ತಿಂಗಳುಗಳು ಅವು. ಬೆಳೆ ಕಾಯುವುದಕ್ಕೆ ಅಂತಲೇ ಕೊಟ್ಟ ಕೋವಿ ಬೆಳೆ ಇರುವಾಗ ಕೈಯಲ್ಲಿ ಇರುವುದಿಲ್ಲ ಅನ್ನುವುದು ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯ ಕೃಷಿಕರ ಹಳೆಯ ನೋವು. ಒಮ್ಮೆ ಜೋಡಿ ಹಿಂದೆ ಬಂದಾಗ ಪಟ್ಟಿಯ ಉದ್ದಕ್ಕೂ ಕೆಂಪು ತುಕ್ಕು. ಆಮೇಲಿಂದ ಇಡುವ ಮೊದಲು ದಪ್ಪಕ್ಕೆ ಗ್ರೀಸ್ ಹಚ್ಚಿ, ಎರಡೂ ಬಾಯಿಗೆ ಬಟ್ಟೆ ಕಟ್ಟಿ, ಒಳಗೆ ಬಟ್ಟೆ ಉಂಟು ಅಂತ ಚೀಟಿ ಅಂಟಿಸಿ ಕೊಡುತ್ತೇನೆ.

ಹುಡುಗ ಮೊಬೈಲಿನಲ್ಲಿ ಅಮೆರಿಕದ ವೀಡಿಯೋ ತೋರಿಸಿ, ಅಲ್ಲಿಯವರು ಹೊಲ ಹಾಳುಮಾಡುವ ಪ್ರಾಣಿಗಳಿಗೆ 24, 26 ಇಂಚಿನ ನಳಿಗೆಯೇ ಬೇಕು ಅನ್ನುತ್ತಾರಲ್ಲ ಅಣ್ಣ ಅಂದ. ಅದು ನಿಜ. ಆದರೆ ಅದು ರೈಫಲ್, ನಮ್ಮದು ಕಾಳಿನ ಕೋವಿ. ಅಲ್ಲಿ ಬಿಲ ತೋಡುವ, ಅಳಿಲಿನ ಜಾತಿಯ ಪ್ರೇರಿ ಡಾಗ್‌ಗಳನ್ನು 200, 300 ಮೀಟರ್ ದೂರದಿಂದ ಮೇಜಿನ ಮೇಲೆ ಕೋವಿ ಇಟ್ಟು ಹೊಡೆಯುತ್ತಾರೆ. .223 ಅನ್ನುವ ಅಳತೆಯ ರೈಫಲಿನಲ್ಲಿ ಒಂದು ಇಂಚಿಗೆ ಸೆಕೆಂಡಿಗೆ ಸುಮಾರು 25 ಅಡಿ ವೇಗ ಹೆಚ್ಚುತ್ತದೆ. 20 ಇಂಚಿನಿಂದ 24ಕ್ಕೆ ಹೋದರೆ 100 ಅಡಿ. ಅಷ್ಟು ದೂರಕ್ಕೆ, ಅಷ್ಟು ಸಣ್ಣ ಗುರಿಗೆ ಆ ನೂರು ಅಡಿಗೂ ಬೆಲೆ ಉಂಟು. ಹೊತ್ತು ನಡೆಯುವುದಿಲ್ಲವಾದ್ದರಿಂದ ಉದ್ದ, ತೂಕ ಎರಡೂ ಅವರಿಗೆ ಭಾರ ಅನಿಸುವುದಿಲ್ಲ. ಅಲ್ಲೂ ನಡೆದು ತಿರುಗುವವರು 20, 22 ಇಂಚನ್ನೇ ಹಿಡಿಯುತ್ತಾರೆ. ಸಣ್ಣ .22 ರೈಫಲಿನಲ್ಲಿ 16 ಇಂಚಿನ ಆಸುಪಾಸಿಗೆ ವೇಗದ ಲಾಭ ಮುಗಿಯುತ್ತದೆ, ಆಮೇಲಿನ ಉದ್ದ ಬರೀ ಗುರಿ ಹಿಡಿಯಲು.

ನಮ್ಮ ಊರಲ್ಲಿ ರೈಫಲಿನ ಯೋಚನೆಯೇ ಬೇಡ. ಆ ಸಣ್ಣ .22ರ ಗುಂಡು ಕೂಡ ಒಂದೂವರೆ ಮೈಲಿ ಹೋಗಬಲ್ಲದು. ಒಂದೂವರೆ ಮೈಲಿಯೊಳಗೆ ಇಲ್ಲಿ ಎಷ್ಟು ಮನೆ, ಎಷ್ಟು ಅಂಗಳ, ಎಷ್ಟು ಮಕ್ಕಳು! 6 ನಂಬರಿನ ಕಾಳು ಎಷ್ಟು ಹೋದರೂ 200 ಮೀಟರ್ ಆಸುಪಾಸಿಗೆ ಸೋತು ಬೀಳುತ್ತದೆ. ಅದೇ 12 ಬೋರಿಗೆ ಎಲ್‌.ಜಿ. ಅನ್ನುವ ದಪ್ಪ ಕಾಳಿನ ತೋಟೆ ಹಾಕಿದರೆ 700 ಮೀಟರ್ ದಾಟಬಹುದು. ಎಷ್ಟು ದೂರ ಹೋಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ನಳಿಗೆಯ ಉದ್ದ ಅಲ್ಲ, ಕಾಳಿನ ದಪ್ಪ. ಸದ್ದಿಗೆ ಅಂತ ಹೊಡೆಯುವವರು ಎಲ್‌.ಜಿ. ಹಾಕಬೇಡಿ. ಸಣ್ಣ ಕಾಳು ಹಾಕಿ, ಗುಡ್ಡೆಯ ಕಡೆಗೆ ಹೊಡೆಯಿರಿ.

ಏರ್‌ಗನ್ ಸಾಕಾ ಅಂತಲೂ ಕೇಳುತ್ತಾರೆ. 4.5 ಮಿಲಿಮೀಟರ್, 20 ಜೂಲ್ ಒಳಗಿನದ್ದಾದರೆ ಲೈಸೆನ್ಸ್ ಬೇಡ ಅನ್ನುವುದೇ ಆಕರ್ಷಣೆ. ಅಳಿಯನ ಹತ್ತಿರ ಸ್ಪ್ರಿಂಗಿನದ್ದು ಒಂದು ಉಂಟು. ಅದರಲ್ಲಿ ಪೆಲೆಟ್ಟಿಗೆ ಬರುವ ವೇಗ ಮೊದಲ ಎಂಟು ಹತ್ತು ಇಂಚಿನೊಳಗೇ ಬಂದಾಗುತ್ತದೆ. ಉಳಿದ ಉದ್ದ ಮಡಚುವಾಗ ಸನ್ನೆಗೋಲಿನ ಹಾಗೆ ಕೈಗೆ ಬಲ ಕೊಡುತ್ತದೆ, ಅಷ್ಟೇ. ಡಬ್ಬಿಗೆ ಗುರಿ ಇಡಲು ಚೆನ್ನಾಗಿದೆ. ತೋಟಕ್ಕೆ ಆಗುವುದಿಲ್ಲ. ಸದ್ದಿಲ್ಲ, ಹಾಗಾಗಿ ಮಂಗ ಹೆದರುವುದಿಲ್ಲ. ಮೈಗೆ ಹೊಡೆದರೆ ಗಾಯ ಕೊಳೆತು ದಿನಗಟ್ಟಲೆ ನರಳುತ್ತದೆ. ಕಾನೂನು ಹಾಗಿರಲಿ, ಮರಿಯನ್ನು ಎದೆಗೆ ಅವುಚಿಕೊಂಡ ತಾಯಿ ಮಂಗನ ಕಾಲಿನಲ್ಲಿ ಅಂಥ ಗಾಯ ನಾನು ನೋಡಿದ್ದೇನೆ. ಯಾರೂ ಅದನ್ನು ಮಾಡಬಾರದು.

ಕೊನೆಗೆ ಹುಡುಗನಿಗೆ ಹೇಳಿದ್ದು ಇಷ್ಟು. ನಿನ್ನದು ಅಡಿಕೆ, ಕೊಕ್ಕೊ ಇರುವ ತೋಟ, ಎರಡು ಸಂಕ ದಾಟಬೇಕು. 28 ಇಂಚಿನ ಜೋಡಿ ತಗೋ. ಬಲ ಮಾಡಿಫೈಡ್, ಎಡ ಫುಲ್ ಇದ್ದರೆ ಸಾಕು. ನದಿ ಬದಿಯ ಬರೀ ತೆಂಗು ಆಗಿದ್ದರೆ, ಅಥವಾ ನಿನಗೆ ನನ್ನಷ್ಟು ವಯಸ್ಸಾಗಿದ್ದರೆ, 32 ಇಂಚಿನ ಒಂಟಿಗೇ ಹೂಂ ಅನ್ನುತ್ತಿದ್ದೆ. ಅಂಗಡಿಯಲ್ಲಿ ಖಾಲಿ ಕೋವಿ ಕೈಗೆ ತಗೊಂಡು, ಮಡಚಿ, ತೋಳಿಗೆ ಹಾಕಿ ತುದಿ ನೆಲದಿಂದ ಎಷ್ಟು ಮೇಲೆ ನಿಲ್ಲುತ್ತದೆ ನೋಡು. ಆಮೇಲೆ ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಕಣ್ಣು ತೆರೆ. ಮಣಿ ನೇರ ಕಣ್ಣಿನ ಮುಂದೆ ಇದ್ದರೆ ಅದು ನಿನ್ನ ಅಳತೆಯದ್ದು. ಕುತ್ತಿಗೆ ಬಗ್ಗಿಸಿ ಹುಡುಕಬೇಕಾದರೆ ಬಿಡು, ಎಷ್ಟು ಇಂಚಿನದ್ದಾದರೂ.

ಅವನು ಹೋದ ಶನಿವಾರ ತಂದ. ಆಷಾಢ ಬರುವ ಮೊದಲು ಸಂಕಕ್ಕೆ ಕೈಹಿಡಿ ಕಟ್ಟುವ ಕೆಲಸ ಇಬ್ಬರೂ ಸೇರಿ ಶುರು ಮಾಡಿದ್ದೇವೆ.